ಲಿಮರಿಕ್ ಮನೆಯಲ್ಲಿ ನಾನು ತೋಡಿದ ದೀಪದ ಗೂಡು

ಜೂಜುವಾಡಿ

ನನ್ನ ಮೊದಲ ವಿದೇಶ ಪ್ರವಾಸ ಜೂಜುವಾಡಿಯಲ್ಲೇ ಮುಗಿದುಹೋಗುತ್ತದೆ ಅನ್ನಿಸಿತ್ತು. ವಿಮಾನ ನಿಲ್ದಾಣಕ್ಕೆ ಹೋಗುವಾಗ ಹೊಸೂರಿನಾಚೆ ಸಿಗುವ ರಾಜ್ಯದ ಗಡಿಯ ಆ ಒಂದು ಮೈಲಿಯಲ್ಲಿ ಲಾರಿಗಳು ಒಂದರ ಬಾಲಕ್ಕೆ ಇನ್ನೊಂದು ಮೂತಿ ತಾಗಿಸಿ ನಿಂತುಬಿಟ್ಟಿದ್ದವು. ಟ್ಯಾಕ್ಸಿಯವನು ಪಕ್ಕದ ಲಾರಿಯವನ ಜೊತೆ ತೆಲುಗಿನಲ್ಲಿ ಜಗಳವಾಡಿ, ಹೆಂಡತಿಗೆ ತಮಿಳಿನಲ್ಲಿ ಫೋನ್ ಮಾಡಿ, ಕೊನೆಗೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಧೈರ್ಯ ಹೇಳಿದ. ಧೈರ್ಯ ನನಗೆ ಬೇಕಾಗಿಯೂ ಇತ್ತು. ಡೆಂಕಣಿಕೋಟೆಯ ಸುತ್ತ ಮೂವತ್ತು ವರ್ಷ ಮನೆ ಕಟ್ಟಿದವನು ನಾನು. ಅಡಿಪಾಯದಿಂದ ಹತ್ತಿಪ್ಪತ್ತು ಅಡಿ ಮೇಲಕ್ಕೆ ಏರಿದ್ದೇ ಹೆಚ್ಚು, ಮೋಡದ ಮೇಲಕ್ಕೆ ಹೋಗುವ ಯೋಚನೆ ನನ್ನದಾಗಿರಲಿಲ್ಲ.

ಯೋಚನೆ ತಂಗಿ ಶಾರದಳದು. ಅವಳು ಐರ್ಲೆಂಡ್ ದೇಶದ ಲಿಮರಿಕ್ ಎಂಬ ಊರಿನಲ್ಲಿ ನರ್ಸ್. ಗಂಡನೂ ಅವಳೂ ಸೇರಿ ಅಲ್ಲೊಂದು ಹಳೆಯ ಮನೆ ಕೊಂಡಿದ್ದರು. ತಣ್ಣಗಿನ, ತೇವದ ಮನೆ. ಗೋಡೆಯ ಮೂಲೆಗಳಿಗೆಲ್ಲ ಕಪ್ಪು ಬೂಷ್ಟು ಹಿಡಿಯುತ್ತಿತ್ತಂತೆ. ಒಂಬತ್ತು ವರ್ಷದ ಮಗಳು ನಿತ್ಯಾ ಎರಡು ಚಳಿಗಾಲ ಆ ಮನೆಯಲ್ಲಿ ಕೆಮ್ಮಿಯೇ ಕಳೆದಿದ್ದಳು. ಫೋನಿನಲ್ಲಿ "ಮಾಮ" ಅನ್ನುವಷ್ಟರಲ್ಲಿ ಮಗುವಿಗೆ ಎರಡು ಸಲ ಕೆಮ್ಮು ಬರುತ್ತಿತ್ತು. ಅದಕ್ಕೇ ಅವರು ಮನೆಯನ್ನು ಒಳಗಿನಿಂದ ಪೂರ್ತಿ ರಿಪೇರಿ ಮಾಡಿಸಿದ್ದರು. ಕೆಲಸ ಮುಗಿಯುತ್ತ ಬಂದಿದೆ, ಇನ್ನೊಂದು ಪರೀಕ್ಷೆ ಬಾಕಿ, ಅಷ್ಟರಲ್ಲಿ ನೀನು ಬರಲೇಬೇಕು ಎಂದು ಶಾರದ ಟಿಕೆಟ್ ಕಳಿಸಿಬಿಟ್ಟಳು. ತಂಗಿ ಮನೆ ಹೊಸದು ಮಾಡಿಸಿದಾಗ ಅಣ್ಣ ಹೋಗದೆ ಇರುವುದುಂಟೆ?

ಹೋಗಲು ಇನ್ನೊಂದು ಕಾರಣವೂ ಇತ್ತು. ನಮ್ಮ ಹಳೆಯ ಮಣ್ಣಿನ ಮನೆಯನ್ನು ಕೆಡವಿ ಆರ್‌ಸಿಸಿ ಹಾಕಿದವನು ನಾನೇ. ಆ ಮನೆಯ ತಲೆಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ದೀಪದ ಗೂಡಿತ್ತು. ಅವ್ವ ದಿನಾ ಸಂಜೆ ಅಲ್ಲಿ ದೀಪ ಹಚ್ಚುತ್ತಿದ್ದಳು. ಹೊಸ ಮನೆ ಕಟ್ಟುವಾಗ ಗೂಡಿನ ನೆನಪೇ ನನಗಾಗಲಿಲ್ಲ. ಅವ್ವ ಏನೂ ಅನ್ನಲಿಲ್ಲ. ಅವ್ವ ಹೋದ ಮೇಲೆ ಶಾರದ ಒಮ್ಮೆ ಫೋನಿನಲ್ಲಿ, "ಗೂಡು ಕೆಡವ್ಬುಟ್ಟೆ ಅಣ್ಣ, ಅವ್ವ ಕೊನೇ ಗಂಟ ದೀಪಾನ ಟಿವಿ ಸ್ಟ್ಯಾಂಡ್ ಮ್ಯಾಲೆ ಇಕ್ಕಿದ್ಲು" ಎಂದಿದ್ದಳು. ಬೈದಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ತಪಾಸಣೆಯ ಮೇಜು

ಕರಣೆ, ಉಳಿ, ಸುತ್ತಿಗೆಯನ್ನು ದೊಡ್ಡ ಪೆಟ್ಟಿಗೆಯಲ್ಲಿ ರಾಗಿ ಹಿಟ್ಟಿನ ಚೀಲದ ಕೆಳಗೆ ಇಟ್ಟಿದ್ದೆ. ಗೋಡೆ ನೆಟ್ಟಗಿದೆಯೇ ನೋಡುವ ತೂಕದ ಗುಂಡನ್ನು ಮಾತ್ರ ಕೈಚೀಲದಲ್ಲಿ ಇಟ್ಟುಕೊಂಡಿದ್ದೆ. ಅದು ಅಪ್ಪನ ಕಾಲದ್ದು, ದೂರ ಇಡಲು ಮನಸ್ಸು ಬರಲಿಲ್ಲ. ವಿಮಾನ ನಿಲ್ದಾಣದ ತಪಾಸಣೆಯ ಯಂತ್ರದೊಳಗೆ ಅದು ಏನಾಗಿ ಕಂಡಿತೋ, ಮೂವರು ಬಂದು ನನ್ನ ಸುತ್ತ ನಿಂತರು. ಒಬ್ಬ ಹೆಂಗಸು ಇದೇನು ಎಂದು ಕೇಳಿದರು. ನಾನು ದಾರ ಹಿಡಿದು ಗುಂಡನ್ನು ಇಳಿಬಿಟ್ಟು ಅವರ ಮೇಜಿನ ಕಾಲು ಸೊಟ್ಟಗಿರುವುದನ್ನು ತೋರಿಸಿಕೊಟ್ಟೆ. ಮೇಜು ನಿಜವಾಗಿಯೂ ಸೊಟ್ಟಗಿತ್ತು. ಅವರು ನಕ್ಕರು, ನಕ್ಕು ಗುಂಡನ್ನು ತೆಗೆದುಕೊಂಡೇಬಿಟ್ಟರು. ಹೀಗೆ ಗುಂಡಿಲ್ಲದ ಮೇಸ್ತ್ರಿಯಾಗಿ ನಾನು ವಿಮಾನ ಹತ್ತಿದೆ.

ಲಿಮರಿಕ್, ಮೊದಲ ಸಂಜೆ

ಅಕ್ಟೋಬರ್ ತಿಂಗಳು. ಮಳೆ ಬರುತ್ತಿದೆಯೋ ನಿಂತಿದೆಯೋ ಗೊತ್ತಾಗದಂಥ ಮಳೆ. ಅಲ್ಲಿನವರು ಅದಕ್ಕೆ ಕೊಡೆಯನ್ನೂ ಬಿಚ್ಚುವುದಿಲ್ಲ, ಆದರೆ ಎದುರಿಗೆ ಸಿಕ್ಕವರಿಗೆಲ್ಲ ಅದರ ವರದಿ ಒಪ್ಪಿಸುತ್ತಾರೆ. ಬಸ್ಸಿನಿಂದ ಇಳಿಯುವ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ. ಹೊಸೂರು ಬಸ್ಸಿನಲ್ಲಿ ನಾವು ಹಾಗೆ ಹೇಳುತ್ತ ಇಳಿದರೆ ಕೊನೆಯವನು ಇಳಿಯುವಷ್ಟರಲ್ಲಿ ಬಸ್ಸು ಬಾಗಲೂರು ದಾಟಿರುತ್ತದೆ.

ಶಾರದಳ ಮನೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥ ಮನೆಗಳ ಸಾಲಿನಲ್ಲಿತ್ತು. ಅವಳ ಗಂಡ ರಮೇಶ ಆ ತಿಂಗಳು ಕೆಲಸದ ಮೇಲೆ ಬೇರೆ ಊರಿನಲ್ಲಿದ್ದ. ನಾನು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವನೇ ಅಭ್ಯಾಸಬಲದಿಂದ ಗೋಡೆ ತಟ್ಟಿ ನೋಡಿದೆ. ಪೊಳ್ಳು ಸದ್ದು ಬಂತು. ಇದೆಂಥ ಗೋಡೆ ಎಂದೆ. ಶಾರದ ವಿವರಿಸಿದಳು. ಹೊರಗೆ ನಮ್ಮ ಹೊಸೂರಿನಲ್ಲಿ ಸಿಗುವಂಥದ್ದೇ ಹಾಲೋ ಬ್ಲಾಕ್, ಒಳಗೆ ಪೊಳ್ಳಿರುವ ಸಿಮೆಂಟ್ ಇಟ್ಟಿಗೆ. ಅದರ ಒಳಮೈಗೆ ಚಳಿ ತಡೆಯುವ ದಪ್ಪ ಹಲಗೆ, ಗಾಳಿ ನುಸುಳದ ಒಂದು ಹಾಳೆ, ಅದರ ಮೇಲೆ ಜಿಪ್ಸಮ್ ಹಲಗೆ, ಆಮೇಲೆ ಬಣ್ಣ.

ಬಾಕಿ ಇದ್ದ ಪರೀಕ್ಷೆ ಮನೆಗೆ ದರ್ಜೆ ಕೊಡುವುದಂತೆ. ಫ್ರಿಜ್ಜಿನ ಮೇಲೆ ಕರೆಂಟಿನ ನಕ್ಷತ್ರ ಅಂಟಿಸಿರುತ್ತಾರಲ್ಲ, ಹಾಗೆ ಅಲ್ಲಿ ಮನೆಗೇ ಅಕ್ಷರ ಕೊಡುತ್ತಾರೆ. ಎ ಅಂದರೆ ಕಡಿಮೆ ಖರ್ಚಿನಲ್ಲಿ ಬೆಚ್ಚಗಿರುವ ಮನೆ, ಜಿ ಅಂದರೆ ಸೋರುವ ಮನೆ. ಶಾರದಳ ಮನೆ ಮೊದಲು ಎಫ್ ಆಗಿತ್ತು. ಈಗ ಬಿ-ಎರಡು ಬಂದರೆ ಮಾತ್ರ ಸರ್ಕಾರದ ಸಹಾಯಧನ ಬರುತ್ತದೆ. ಬರದಿದ್ದರೆ ಎಲ್ಲಿ ಸೋರುತ್ತಿದೆಯೋ ಹುಡುಕಿ ಗೋಡೆಗಳನ್ನು ಮತ್ತೆ ಬಿಚ್ಚಬೇಕು. ಅಷ್ಟರಲ್ಲಿ ಚಳಿಗಾಲ ಬಂದು ಕೂತಿರುತ್ತದೆ.

"ಈ ಚಳಿಗೂ ಮಗು ಕೆಮ್ಕಂಡು ಕೂತ್ರೆ ನನ್ ಕೈಲಿ ನೋಡಕ್ಕಾಗಲ್ಲ ಅಣ್ಣ" ಎಂದಳು ಶಾರದ. ಬೇರೆಯವರ ಮಕ್ಕಳಿಗೆ ದಿನಾ ಆಕ್ಸಿಜನ್ ಮಾಸ್ಕ್ ಹಿಡಿಯುವ ನರ್ಸ್ ಹೇಳಿದ ಮಾತಿದು.

ಮುಸ್ಸಂಜೆ ಆಗುತ್ತಲೇ ಅವಳು ನಾನು ತಂದಿದ್ದ ಅವ್ವನ ಹಿತ್ತಾಳೆ ದೀಪವನ್ನು ತೊಳೆದು, ಬತ್ತಿ ಹಾಕಿ, ಎಲ್ಲಿಡುವುದು ಎಂದು ಮನೆಯೆಲ್ಲ ತಿರುಗಿದಳು. ಕೊನೆಗೆ ಬಟ್ಟೆ ಒಗೆಯುವ ಮೆಷಿನ್ನಿನ ಮೇಲೆ ಇಟ್ಟು ಹಚ್ಚಿದಳು. ಆಮೇಲೆ ತಲೆಬಾಗಿಲು ತೆಗೆಯಲು ಹೋದಳು. ದೀಪ ಹಚ್ಚುವ ಹೊತ್ತಿಗೆ ಬಾಗಿಲು ತೆರೆದಿರಬೇಕು, ಲಕ್ಷ್ಮಿ ಬರುವ ಹೊತ್ತು ಅದು. ನಿತ್ಯಾ ಓಡಿಬಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಶಾಖವೆಲ್ಲ ಹೊರಗೆ ಹೋಗುತ್ತದೆ, ಸ್ಕೂಲಿನಲ್ಲಿ ಹೇಳಿಕೊಟ್ಟಿದ್ದಾರೆ ಎಂದು ಕೆಮ್ಮುತ್ತ ವಾದಿಸಿದಳು. ಶಾರದ ಸುಮ್ಮನೆ ಕೈ ಹಿಂದಕ್ಕೆ ತೆಗೆದುಕೊಂಡಳು.

ಆ ವಾರ ನಾನು ನಿತ್ಯಾಳಿಗೆ ಕನ್ನಡದ ಲೆಕ್ಕ ಹೇಳಿಕೊಡಲು ಶುರುಮಾಡಿದೆ. ಇಪ್ಪತ್ತರವರೆಗೆ ಹೇಳಿದರೆ ಊರಿನಿಂದ ತಂದ ಬಾದುಷಾ ಎಂದು ಆಸೆ ತೋರಿಸಿದ್ದೆ. ಎಷ್ಟು ಸಲ ಹೇಳಿದರೂ ಎಂಟಕ್ಕೋ ಒಂಬತ್ತಕ್ಕೋ ಕೆಮ್ಮು ಬಂದು ಲೆಕ್ಕ ತಪ್ಪುತ್ತಿತ್ತು. ಬಾದುಷಾವನ್ನು ದಿನಾ ಸುಮ್ಮನೆ ಕೊಟ್ಟೆ.

ಮೂರನೆಯ ದಿನ

ಇನ್ನು ನನ್ನ ಘನಕಾರ್ಯದ ಕಥೆ. ಶಾರದ ಡ್ಯೂಟಿಗೆ ಹೋಗಿದ್ದಳು, ನಿತ್ಯಾ ಸ್ಕೂಲಿಗೆ. ಮನೆಯಲ್ಲಿ ನಾನೊಬ್ಬನೇ. ಮೆಷಿನ್ನಿನ ಮೇಲಿನ ದೀಪವನ್ನು ನೋಡಿದಷ್ಟೂ ಅವ್ವನ ಟಿವಿ ಸ್ಟ್ಯಾಂಡ್ ಕಣ್ಣಿಗೆ ಕಟ್ಟುತ್ತಿತ್ತು. ತಲೆಬಾಗಿಲ ಪಕ್ಕದಲ್ಲಿ, ಪೂರ್ವದ ಗೋಡೆಯಲ್ಲಿ, ಎದೆಯ ಎತ್ತರಕ್ಕೆ ಗೂಡು ತೋಡಲು ಹೇಳಿ ಮಾಡಿಸಿದಂಥ ಜಾಗವಿತ್ತು. ತಂಗಿ ಸಂಜೆ ಬಂದು ನೋಡಿ ಬೆರಗಾಗಬೇಕು ಎಂದುಕೊಂಡೆ. ಪೆಟ್ಟಿಗೆಯಿಂದ ಉಳಿ, ಸುತ್ತಿಗೆ ಹೊರಗೆ ಬಂದವು.

ಜಿಪ್ಸಮ್ ಹಲಗೆ ಹಪ್ಪಳದ ಹಾಗೆ ಮುರಿಯಿತು. ಅದರ ಹಿಂದಿನ ಹಾಳೆಯನ್ನು ಅಡುಗೆಮನೆಯ ಚಾಕುವಿನಿಂದ ಕೊಯ್ದೆ. ದಪ್ಪ ಹಲಗೆಯನ್ನು ಚೌಕಾಕಾರಕ್ಕೆ ಕತ್ತರಿಸಿ ತೆಗೆದೆ. ಇನ್ನೂ ಆಳ ಬೇಕು ಎಂದು ಹಾಲೋ ಬ್ಲಾಕಿನ ಒಳಮೈಯನ್ನೂ ಒಡೆದೆ. ಒಳಗಿನ ಪೊಳ್ಳಿನಿಂದ ತಣ್ಣನೆಯ ಗಾಳಿ ಬೆರಳಿಗೆ ತಗುಲಿತು. ಗೋಡೆ ಉಸಿರಾಡುತ್ತಿದೆ, ಒಳ್ಳೆಯದೇ ಎಂದುಕೊಂಡೆ. ಮೂವತ್ತು ವರ್ಷ ನನ್ನ ಮನೆಗಳನ್ನು ಜನ ಹೊಗಳಿದ್ದು ಒಂದೇ ಮಾತಿನಲ್ಲಿ, ಗಾಳಿ ಬೆಳಕು ಚೆನ್ನಾಗಿ ಬರುತ್ತದೆ ಎಂದು. ಗಾಳಿ ಬರಬಾರದು ಎಂದು ಒಂದು ದೇಶವೇ ಒದ್ದಾಡುತ್ತಿರುವುದನ್ನು ಶಾರದ ಎರಡು ದಿನದ ಹಿಂದಷ್ಟೇ ಹೇಳಿದ್ದಳು. ಕಿವಿ ಅದನ್ನು ಕೇಳಿಸಿಕೊಂಡಿತ್ತು. ಕೈ ಕೇಳಿಸಿಕೊಂಡಿರಲಿಲ್ಲ. ಹಿತ್ತಲ ಷೆಡ್ಡಿನಲ್ಲಿ ಉಳಿದಿದ್ದ ಸಿಮೆಂಟ್ ಕಲಸಿ, ಗೂಡಿನ ಒಳಗೆ ಕರಣೆಯಿಂದ ನುಣ್ಣಗೆ ಗಾರೆ ಎಳೆದು, ಮೇಲುಗಡೆ ಸಣ್ಣ ಕಮಾನು ತಿದ್ದಿದೆ.

ಶಾರದ ಸಂಜೆ ಬಂದು ನೋಡಿದಳು. ಗೂಡಿನ ಕಮಾನನ್ನು ಬೆರಳಿನಿಂದ ಸವರಿದಳು, ಅತ್ತಳು. ಅವ್ವನ ದೀಪ ಇಟ್ಟು ಹಚ್ಚಿದಳು. ನಾನು ಎರಡು ಹೆಜ್ಜೆ ಹಿಂದೆ ನಿಂತು ನನ್ನ ಕೆಲಸವನ್ನು ನಾನೇ ಮೆಚ್ಚಿಕೊಳ್ಳುತ್ತಿದ್ದೆ.

ಆಗ ದೀಪ ನಡುಗಿತು.

ಕಿಟಕಿ ಮುಚ್ಚಿತ್ತು, ಬಾಗಿಲು ಮುಚ್ಚಿತ್ತು, ಫ್ಯಾನ್ ಅನ್ನುವುದು ಆ ಮನೆಯಲ್ಲೇ ಇರಲಿಲ್ಲ. ಆದರೂ ದೀಪದ ಕುಡಿ ಗೋಡೆಯಿಂದ ನಮ್ಮ ಕಡೆಗೆ ಬಾಗಿ ಬಾಗಿ ಏಳುತ್ತಿತ್ತು. ಗಾರೆಗೂ ಹಲಗೆಗೂ ನಡುವಿನ ಸಂದಿಯಿಂದ ಹೊರಗಿನ ಗಾಳಿ ಒಳಗೆ ಬರುತ್ತಿತ್ತು. ಕೈ ಮಾಡಿದ್ದನ್ನು ಕಣ್ಣು ಹೇಳಿತು. ನಾನು ಶಾರದಳ ಮುಖ ನೋಡಿದೆ. ಅವಳು ಕಣ್ಣು ಮುಚ್ಚಿ ಕೈ ಮುಗಿದಿದ್ದಳು. ನಾನು ಬಾಯಿ ಬಿಡಲಿಲ್ಲ.

ಕಿಲ್ಕೀ, ಕಡಲ ದಡ

ಭಾನುವಾರ ಶಾರದ ನಮ್ಮನ್ನು ಕಿಲ್ಕೀ ಎಂಬಲ್ಲಿಗೆ ಕಡಲು ತೋರಿಸಲು ಕರೆದುಕೊಂಡು ಹೋದಳು. ಅಲ್ಲಿನ ಜನ ಆ ಚಳಿಯಲ್ಲೂ ನೀರಿಗಿಳಿದು ಈಜುತ್ತಿದ್ದರು. ನನ್ನ ವಯಸ್ಸಿನವರೊಬ್ಬರು ಈಜುವ ಚಡ್ಡಿಯಲ್ಲೇ ನಡುಗುತ್ತ ನಮ್ಮ ಮುಂದೆ ಬಂದು ನಿಂತು, ಇವತ್ತು ಹವೆ ಬಹಳ ಚೆನ್ನಾಗಿದೆ ಎಂದು ಹೇಳಿ ಹೋದರು. ನಾನು ಎರಡು ಸ್ವೆಟರಿನ ಒಳಗಿಂದ ತಲೆಯಾಡಿಸಿದೆ.

ನಿತ್ಯಾ ಮರಳಿನಲ್ಲಿ ಮನೆ ಕಟ್ಟುತ್ತಿದ್ದಳು. ಶಾರದ ನನ್ನ ಪಕ್ಕದಲ್ಲಿ ಕೂತು, ಗೂಡಿನ ಫೋಟೋವನ್ನು ರಮೇಶನಿಗೆ ಕಳಿಸಿದೆ, ಅವನು ಆಸ್ಪತ್ರೆಯ ಗೆಳತಿಯರಿಗೆಲ್ಲ ತೋರಿಸು ಎಂದ ಎಂದು ಹೇಳುತ್ತಿದ್ದಳು. ಈಗ ಹೇಳಿಬಿಡೋಣ ಎಂದು ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ಬೇರೇನೋ ಹೇಳಿದೆ. ಒಂದು ಸಲವಂತೂ ಇಲ್ಲಿ ಮರಳು ಬಹಳ ನುಣ್ಣಗಿದೆ, ಗಾರೆಗೆ ಆಗುವುದಿಲ್ಲ ಎಂದೆ. ಒಂದು ಸಂದಿ ತಾನೇ, ಅಷ್ಟು ದೊಡ್ಡ ಮನೆಗೆ ಅದೇನು ಮಹಾ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕೆಟ್ಟ ಕೆಲಸ ಮಾಡಿದ ಆಳು ನನ್ನ ಹತ್ತಿರ ಬಂದು ಆಡುವ ಮಾತೂ ಇದೇ. ಅಂಥವರನ್ನು ನಾನು ಎಂದೂ ಬಿಟ್ಟವನಲ್ಲ.

ಫ್ಯಾನಿನ ದಿನ

ಮಂಗಳವಾರ ಬೆಳಿಗ್ಗೆ ಪರೀಕ್ಷೆಗೆ ಒಬ್ಬ ಹೆಂಗಸು ಬಂದರು. ಮಾತು ಕಡಿಮೆ, ಕೆಲಸ ಚುರುಕು. ಹಿಂದೆಯೇ ರಿಪೇರಿ ಮಾಡಿಸಿದ ಕಂಟ್ರಾಕ್ಟರ್ ಬ್ರೆಂಡನ್ ಹಿತ್ತಲ ಬಾಗಿಲಿನಿಂದ ಬಂದ. ದಪ್ಪ ಮೈ, ಕೆಂಪು ಮುಖ, ಕಿವಿಯ ಹಿಂದೆ ಪೆನ್ಸಿಲು. ಆ ಪೆನ್ಸಿಲು ನೋಡಿದ್ದೇ ಅವನು ನಮ್ಮ ಜಾತಿಯವನು ಅಂತ ನನಗೆ ಗೊತ್ತಾಯಿತು. ಟೀ ಬೇಕೇ ಎಂದರೆ ಬೇಡ ಎಂದ, ಮತ್ತೆ ಕೇಳಿದರೂ ಬೇಡ ಎಂದ, ಮೂರನೆಯ ಸಲ ಕೇಳಿದಾಗ ಎರಡು ಲೋಟ ಕುಡಿದ. ಅಲ್ಲಿ ಅದು ಮರ್ಯಾದೆಯಂತೆ.

ಆ ಹೆಂಗಸು ತಲೆಬಾಗಿಲನ್ನು ತೆರೆದು, ಅದರ ಚೌಕಟ್ಟಿಗೆ ಒಂದು ಕೆಂಪು ಬಟ್ಟೆ ಬಿಗಿದು, ನಡುವೆ ದೊಡ್ಡ ಫ್ಯಾನ್ ಕೂರಿಸಿದರು. ಆ ಫ್ಯಾನ್ ಮನೆಯ ಗಾಳಿಯನ್ನೆಲ್ಲ ಹೊರಕ್ಕೆ ಎಳೆಯುತ್ತದೆ. ಮನೆ ಬಿಗಿಯಾಗಿದ್ದರೆ ಒಳಗೆ ಗಾಳಿ ತೆಳುವಾಗುತ್ತದೆ. ಎಲ್ಲಾದರೂ ಸಂದಿ ಇದ್ದರೆ ಹೊರಗಿನ ಗಾಳಿ ಅಲ್ಲಿಂದ ನುಗ್ಗುತ್ತದೆ, ಯಂತ್ರ ಅದನ್ನು ಅಳೆಯುತ್ತದೆ. ಫ್ಯಾನ್ ತಿರುಗಿದಾಗ ನನ್ನ ಕಿವಿ ಮುಚ್ಚಿಕೊಂಡಂತಾಯಿತು.

ಅಂಕಿ ಚೆನ್ನಾಗಿರಲಿಲ್ಲ. ಆ ಹೆಂಗಸು ಮತ್ತೊಮ್ಮೆ ಅಳೆದರು, ಹುಬ್ಬು ಗಂಟು ಹಾಕಿದರು. ಇಷ್ಟು ಸೋರಿದರೆ ಬಿ-ಎರಡು ಬರುವುದಿಲ್ಲ, ಬಿ-ಮೂರಕ್ಕೆ ನಿಲ್ಲುತ್ತದೆ ಎಂದರು. ಶಾರದ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಬ್ರೆಂಡನ್ ಮುಖ ಇನ್ನೂ ಕೆಂಪಾಯಿತು. ಇಬ್ಬರೂ ಮಹಡಿಯಿಂದ ಹುಡುಕಲು ಶುರುಮಾಡಿದರು. ಅವರ ಕೈಯಲ್ಲಿ ಸಣ್ಣಗೆ ಹೊಗೆ ಬಿಡುವ ಪೆನ್ನಿನಂಥದ್ದಿತ್ತು. ಅದನ್ನು ಕಿಟಕಿ, ಸ್ವಿಚ್ಚು, ಪೈಪಿನ ತೂತುಗಳಿಗೆ ಹಿಡಿಯುತ್ತ ಬಂದರು. ಹೊಗೆ ಎಲ್ಲೂ ಅಷ್ಟಾಗಿ ಅಲುಗಲಿಲ್ಲ. ಗೂಡನ್ನು ಆ ಹೆಂಗಸು ಬರುವಾಗಲೇ ನೋಡಿ, ಚೆನ್ನಾಗಿದೆ ಎಂದಿದ್ದರು. ನಕ್ಷೆಯಲ್ಲೇ ಇದ್ದ ಅಲಂಕಾರ ಎಂದುಕೊಂಡಿದ್ದರು, ಪಾಪ. ಹಿತ್ತಲಿನಿಂದ ಬಂದ ಬ್ರೆಂಡನ್ ತಲೆಬಾಗಿಲ ಕಡೆ ಇನ್ನೂ ಹೋಗಿರಲಿಲ್ಲ.

ಮಹಡಿಯಲ್ಲಿ ಬ್ರೆಂಡನ್ ಫೋನ್ ಹಚ್ಚಿದ್ದು ಕೇಳಿಸಿತು. ಗೋಡೆಗೆ ಹಾಳೆ ಹಾಕಿದ ತನ್ನ ಕೆಲಸಗಾರನನ್ನು ಬಯ್ಯುತ್ತಿದ್ದಾನೆ ಎಂದು ನಿತ್ಯಾ ನನಗೆ ಅರ್ಥ ಹೇಳಿದಳು. ಅವತ್ತು ಅವಳಿಗೆ ಸ್ಕೂಲಿಗೆ ಹೋಗಲಾಗದಷ್ಟು ಕೆಮ್ಮಿತ್ತು. ಅವನನ್ನು ಇನ್ನು ಮೇಲೆ ಕೆಲಸಕ್ಕೆ ಕರೆಯುವುದಿಲ್ಲವಂತೆ ಎಂದಳು.

ಅಲ್ಲಿಗೆ ನನ್ನಿಂದ ತಡೆಯಲಾಗಲಿಲ್ಲ. ಇಂಗ್ಲಿಷಿನಲ್ಲಿ ಅಷ್ಟು ದೊಡ್ಡ ತಪ್ಪು ಒಪ್ಪಿಕೊಳ್ಳುವಷ್ಟು ಮಾತು ನನಗೆ ಬರುವುದಿಲ್ಲ. ದೇವರ ಫೋಟೋದ ಹತ್ತಿರವಿದ್ದ ಊದುಬತ್ತಿಯೊಂದನ್ನು ಹಚ್ಚಿದೆ. ಅವರನ್ನು ಕೆಳಗೆ ಕರೆದೆ. ಫ್ಯಾನ್ ಇನ್ನೂ ತಿರುಗುತ್ತಿತ್ತು. ಊದುಬತ್ತಿಯನ್ನು ಗೂಡಿನ ಮುಂದೆ ಹಿಡಿದೆ. ಮೇಲಕ್ಕೆ ಏಳಬೇಕಾದ ಹೊಗೆ ಅಡ್ಡಕ್ಕೆ ಮಲಗಿ ಬ್ರೆಂಡನ್ನನ ಮುಖಕ್ಕೆ ಹೊಡೆಯಿತು.

"ದಿಸ್ ಮೈ ವರ್ಕ್" ಎಂದೆ. "ನಾಟ್ ಯುವರ್ ಮ್ಯಾನ್. ಮೈ ವರ್ಕ್."

ಬ್ರೆಂಡನ್ ಗೂಡಿನೊಳಗೆ ಕೈ ಹಾಕಿ ಸಂದಿಯನ್ನು ಮುಟ್ಟಿ ನೋಡಿದ. ಹೊರಗೆ ಹೋಗಿ ತನ್ನ ಕೆಲಸಗಾರನಿಗೆ ಮತ್ತೆ ಫೋನ್ ಮಾಡಿ, ಬಹಳ ಹೊತ್ತು ಸಾರಿ ಸಾರಿ ಎಂದ. ನಾನು ಮೆಟ್ಟಿಲ ಹತ್ತಿರ ಹೋಗಿ ಶಾರದಳ ಮುಂದೆ ನಿಂತೆ.

"ಅವತ್ತೇ ಗೊತ್ತಾಗ್ಬುಡ್ತು ಕಣಮ್ಮ ನಂಗೆ. ದೀಪ ಅಲ್ಲಾಡ್ದಾಗ್ಲೇ. ಹೇಳಾಕೆ ಬಾಯಿ ಬರ್ನಿಲ್ಲ."

ಅವಳು ತಲೆ ಎತ್ತಿ ನನ್ನನ್ನು ನೋಡಿದಳು. "ನಾನೂ ನೋಡ್ದೆ ಅಣ್ಣ. ಕಣ್ಣು ಮುಚ್ಕಂಡಿದ್ದು ಅದ್ಕೇ."

ಮತ್ತೆ ಗೋಡೆ

ಮಾರನೆಯ ದಿನ ಬ್ರೆಂಡನ್ ಒಬ್ಬನೇ ಬಂದ. ಇದನ್ನು ಮುಚ್ಚಬೇಕು, ನೀನೂ ಕೈ ಹಾಕು ಎಂದ. ಕೆಮ್ಮಿನಿಂದ ಇನ್ನೂ ಸ್ಕೂಲಿಗೆ ಹೋಗದಿದ್ದ ನಿತ್ಯಾ ನಡುವೆ ಕೂತು ಅವನ ಮಾತು ನನಗೆ, ನನ್ನ ಮಾತು ಅವನಿಗೆ ಹೇಳುತ್ತಿದ್ದಳು. ಮೂವತ್ತು ವರ್ಷದ ಮೇಸ್ತ್ರಿ ಅವತ್ತು ಕೈಯಾಳಾಗಿ ಸಾಮಾನು ಎತ್ತಿಕೊಟ್ಟ. ಗೋಡೆ ಹೀಗೆ ಉಸಿರು ಕಟ್ಟಿಸಿದರೆ ಒಳಗಿನ ಜನ ಏನು ಮಾಡಬೇಕು ಎಂದು ನಾನು ಕೇಳಿದೆ. ನಮ್ಮ ಅಪ್ಪನ ಕಾಲದಲ್ಲಿ ಊರಿನಲ್ಲಿ ಹಗೇವು ಇದ್ದವು. ನೆಲದೊಳಗೆ ಗಡಿಗೆಯ ಆಕಾರಕ್ಕೆ ತೋಡಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತುತ್ತಿದ್ದರು. ಗಾಳಿ ಹೋಗದ ಕಾರಣ ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಆದರೆ ಬಾಯಿ ತೆಗೆದ ಕೂಡಲೇ ಯಾರೂ ಒಳಗೆ ಇಳಿಯುವಂತಿರಲಿಲ್ಲ. ಬಹಳ ಹೊತ್ತು ತೆರೆದಿಟ್ಟು, ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಬಿಡುತ್ತಿದ್ದರು. ದೀಪ ಉರಿದರೆ ಇಳಿ, ಆರಿದರೆ ಬೇಡ. ಅವಸರಪಟ್ಟು ಇಳಿದು ಮೇಲೆ ಬರದೆ ಹೋದವರ ಕಥೆ ಕೇಳಿ ಬೆಳೆದವನು ನಾನು. ಗಾಳಿಯಾಡದ ಜಾಗ ರಾಗಿಗೆ, ಮನುಷ್ಯರಿಗಲ್ಲ ಎಂದೆ.

ಬ್ರೆಂಡನ್ ಕೆಲಸ ನಿಲ್ಲಿಸಿ ಪೂರ್ತಿ ಕೇಳಿದ. ನಿತ್ಯಾ ಹಗೇವು ಎಂಬುದಕ್ಕೆ ಅದೇನು ಇಂಗ್ಲಿಷ್ ಹೇಳಿದಳೋ, ಅವನಿಗಂತೂ ಅರ್ಥವಾಯಿತು. ನನ್ನನ್ನು ಅಟ್ಟಕ್ಕೆ ಕರೆದುಕೊಂಡು ಹೋಗಿ ಒಂದು ಪೆಟ್ಟಿಗೆ ತೋರಿಸಿದ. ಅದು ಒಳಗಿನ ಹಳೆಯ ಗಾಳಿಯನ್ನು ಹೊರಗೆ ಕಳಿಸುತ್ತ, ಅದರ ಶಾಖವನ್ನು ಮಾತ್ರ ಹಿಡಿದಿಟ್ಟುಕೊಂಡು, ಹೊರಗಿನ ಹೊಸ ಗಾಳಿಗೆ ಕೊಟ್ಟು ಒಳಗೆ ಬಿಡುತ್ತದಂತೆ. ಮನೆ ಬಿಗಿಯಾಗಿದ್ದರೆ ಮಾತ್ರ ಅದರ ಲೆಕ್ಕ ಸರಿಹೋಗುತ್ತದೆ. ಎಲ್ಲೆಂದರಲ್ಲಿ ಗಾಳಿ ನುಗ್ಗಿದರೆ ಗೋಡೆಯೊಳಗೆ ತೇವ ಕೂರುತ್ತದೆ, ಬೂಷ್ಟು ಮತ್ತೆ ಬರುತ್ತದೆ ಎಂದ. ಹಾಗಾದರೆ ನಾನು ತೋಡಿದ್ದು ದೀಪದ ಗೂಡಲ್ಲ, ಬೂಷ್ಟಿನ ಗೂಡು. ಆ ಮಾತು ಚುಚ್ಚಿತು, ಆದರೆ ಕೆಲಸ ಗೊತ್ತಿರುವವನು ಹೇಳಿದ್ದರಿಂದ ಒಪ್ಪಿಕೊಂಡೆ.

ಕಮಾನನ್ನು ನಾನೇ ಒಡೆದೆ. ಬ್ರೆಂಡನ್ ಬ್ಲಾಕಿನ ತೂತು ಮುಚ್ಚಿ, ದಪ್ಪ ಹಲಗೆ ಕೂರಿಸಿ, ಹರಿದ ಹಾಳೆಯ ಮೇಲೆ ಹೊಸ ಹಾಳೆ ಇಟ್ಟು ಅಂಚಿಗೆಲ್ಲ ಟೇಪು ಒತ್ತಿದ. ಜಿಪ್ಸಮ್ ಹಲಗೆ ಹೊಡೆಯುವ ಮುಂಚೆ ಕಿವಿಯ ಹಿಂದಿನ ಪೆನ್ಸಿಲು ತೆಗೆದು ನನ್ನ ಕೈಗಿಟ್ಟ. ನನಗೆ ಅರ್ಥವಾಗಲಿಲ್ಲ. ಅಲ್ಲಿನ ಗಾರೆಯವರು ಗೋಡೆ ಮುಚ್ಚುವ ಮುಂಚೆ ಒಳಗೆ ತಮ್ಮ ಹೆಸರು ಬರೆಯುತ್ತಾರಂತೆ. ಈ ಮನೆಯ ಹಳೇ ಗಾರೆ ಕಿತ್ತಾಗಲೂ ಅದನ್ನು ಕಟ್ಟಿದವನ ಹೆಸರು ಸಿಕ್ಕಿತ್ತಂತೆ. ಅದನ್ನು ಅಳಿಸದೆ, ಅದರ ಮೇಲೆಯೇ ಹಲಗೆ ಹಾಕಿದ್ದೇವೆ ಎಂದ.

ನಾನು ಮುಗಿಸಿಕೊಟ್ಟ ಮನೆಗಳೆಷ್ಟೋ. ಒಂದರ ಮೇಲೂ ನನ್ನ ಹೆಸರಿಲ್ಲ. ಮನೆ ಮುಗಿದ ದಿನ ಪಂಚೆ ಟವೆಲ್ಲು ಕೊಡುತ್ತಾರೆ, ಊಟ ಹಾಕುತ್ತಾರೆ. ಬಾಗಿಲ ಮೇಲೆ ಯಜಮಾನನ ಹೆಸರು ಬೀಳುತ್ತದೆ. ಹಾಗೆಯೇ ಬೇಸಿಗೆಯಲ್ಲಿ ಆ ತಾರಸಿಗಳ ಕೆಳಗೆ ಜನ ಹೇಗೆ ಬೇಯುತ್ತಾರೆ ಎಂದು ಯಾವ ಯಂತ್ರವೂ ಬಂದು ಅಳೆದಿಲ್ಲ, ನಾನೂ ಹೋಗಿ ಕೇಳಿಲ್ಲ. ಹೆಸರೂ ಇಲ್ಲ, ದರ್ಜೆಯೂ ಇಲ್ಲ. ಪೆನ್ಸಿಲಿನ ತುದಿಯನ್ನು ಉಳಿಯಿಂದ ಚೂಪು ಮಾಡಿಕೊಂಡೆ. ಆಮೇಲೆ ಕನ್ನಡದಲ್ಲಿ ಬರೆದೆ: "ಡೆಂಕಣಿಕೋಟೆ ಮುನಿರಾಜು. ಇಲ್ಲಿ ಗೂಡು ತೋಡಿದವನೂ ನಾನೇ, ಮುಚ್ಚಿದವನೂ ನಾನೇ."

ಬ್ರೆಂಡನ್ ಏನು ಬರೆದೆ ಎಂದು ಕೇಳಿದ. ನಿತ್ಯಾ ಓದಲು ಬಾರದೆ ನನ್ನನ್ನೇ ಕೇಳಿ ಹೇಳಿದಳು. ಅವನು ಹೊಟ್ಟೆ ಕುಣಿಸಿ ನಕ್ಕ. ಹಲಗೆಯ ಮೇಲಿನ ತೆಳು ಗಾರೆಯನ್ನು ನನಗೇ ಬಿಟ್ಟುಕೊಟ್ಟ. ನಾನು ಕರಣೆ ಎಳೆಯುವುದನ್ನು ಕೈಕಟ್ಟಿ ನೋಡಿ, ಒಂದು ಸಲ ತಲೆಯಾಡಿಸಿದ. ನನಗೆ ಅಷ್ಟು ಸಾಕಾಯಿತು. ಆಮೇಲೆ ಅವನೇ ನಡುಮನೆಗೂ ಅಡುಗೆಮನೆಗೂ ನಡುವಿನ ಒಳಗೋಡೆಯನ್ನು ತಟ್ಟಿ ತೋರಿಸಿದ. ಅದರ ಎರಡು ಕಡೆಯೂ ಮನೆಯೇ, ಎಷ್ಟು ಬೇಕಾದರೂ ತೋಡು ಎಂದ. ಮಧ್ಯಾಹ್ನದೊಳಗೆ ಅಲ್ಲಿ ಇನ್ನೊಂದು ಗೂಡಾಯಿತು. ಕಮಾನು ಮೊದಲಿನದಕ್ಕಿಂತ ಚೆನ್ನಾಗಿಯೇ ಬಂತು.

ವಾರ ಕಳೆದು ಮತ್ತೆ ಫ್ಯಾನ್ ಕೂರಿಸಿದರು. ಆ ಹೆಂಗಸು ಅಂಕಿ ನೋಡಿ ಹೆಬ್ಬೆರಳು ಎತ್ತಿದರು. ಬಿ-ಎರಡು. ಶಾರದ ಮೆಟ್ಟಿಲ ಮೇಲೆ ಕೂತು ಮತ್ತೆ ಅತ್ತಳು, ಈ ಸಲ ಜೋರಾಗಿಯೇ. ಸಂಜೆ ಹೊಸ ಗೂಡಿನಲ್ಲಿ ದೀಪ ಇಟ್ಟಾಗ ಮೂವರೂ ಬಾಗಿ ನೋಡಿದೆವು. ಕುಡಿ ನೆಟ್ಟಗೆ ನಿಂತಿತ್ತು. ಎಷ್ಟು ನೆಟ್ಟಗೆಂದರೆ, ನನ್ನ ಕಳೆದುಹೋದ ಗುಂಡು ನೆನಪಾಯಿತು.

ಡೆಂಕಣಿಕೋಟೆ

ಊರಿಗೆ ಬಂದ ಮೇಲೆ ಎಲ್ಲರೂ ಕೇಳಿದ್ದು ಅಲ್ಲಿ ಏನು ನೋಡಿದೆ ಎಂದು. ಕಡಲು ನೋಡಿದೆ, ಕೋಟೆ ನೋಡಿದೆ ಎಂದೆ. ಗೋಡೆಯ ಒಳಗನ್ನು ನೋಡಿದೆ ಎಂದರೆ ಯಾರಿಗೆ ಬೇಕು? ಈಗ ನಾನು ಮುಗಿಸಿದ ಮನೆಗಳಿಗೆ ಬೇಸಿಗೆಯಲ್ಲಿ ಒಮ್ಮೆ ಹೋಗಿ, ತಾರಸಿಯ ಕೆಳಗೆ ಸುಮ್ಮನೆ ಅರ್ಧ ಗಂಟೆ ಕೂತು ಬರುತ್ತೇನೆ. ಮನೆಯವರು ಮೇಸ್ತ್ರಿ ಬಾಕಿ ಕೇಳಲು ಬಂದಿದ್ದಾನೆ ಎಂದು ಗಾಬರಿಯಾಗಿ ಕಾಫಿ ಕೊಡುತ್ತಾರೆ. ಬೆವರು ಒರೆಸಿಕೊಂಡು ಕುಡಿಯುತ್ತೇನೆ. ಜವಳಗಿರಿಯ ಹತ್ತಿರ ಈಗ ಕಟ್ಟುತ್ತಿರುವ ಮನೆಯ ತಾರಸಿಗೆ ಸುಣ್ಣದ ಗಾರೆ ಹಾಕಿಸೋಣ, ತಂಪಾಗಿರುತ್ತದೆ ಎಂದು ಯಜಮಾನನನ್ನು ಒಪ್ಪಿಸಿದ್ದೇನೆ. ಒಳಗೋಡೆಯ ಗಾರೆಯ ಕೆಳಗೆ, ಯಾರಿಗೂ ಕಾಣದ ಕಡೆ, ಪೆನ್ಸಿಲಿನಲ್ಲಿ ಹೆಸರೂ ಬರೆದೆ.

ಜನವರಿಯಲ್ಲಿ ಒಂದು ದಿನ ನಾವು ರಾತ್ರಿ ಊಟ ಮುಗಿಸಿದ ಹೊತ್ತಿಗೆ ಶಾರದ ಫೋನ್ ಮಾಡಿದಳು. ಅವರಿಗೆ ಅದು ದೀಪ ಹಚ್ಚುವ ಹೊತ್ತು. ಹೊರಗೆ ಹಿಮ ಬಿದ್ದಿದೆ, ಮನೆ ಬೆಚ್ಚಗಿದೆ ಎಂದಳು. ದನಿಯಲ್ಲಿ ಏನೋ ಕಡಿಮೆ ಇತ್ತು. ಏನು ಎಂದು ಕೇಳಿದೆ.

"ದೀಪ ಅಲ್ಲಾಡಾದೇ ಇಲ್ಲ ಅಣ್ಣ. ಫೋಟೋ ನೋಡ್ದಂಗಾಯ್ತದೆ. ಅವ್ವನ ದೀಪ ಹಿಂಗಿರ್ಲಿಲ್ಲ."

ಅವಳೇ ಮುಂದುವರಿಸಿದಳು. ಅದಕ್ಕೇ ಈಗ ದಿನಾ ದೀಪ ಹಚ್ಚಿದ ಮೇಲೆ ತಲೆಬಾಗಿಲು ತೆಗೆಯುತ್ತಾಳಂತೆ. ಸರ್ಟಿಫಿಕೇಟಿನಲ್ಲಿ ಅದನ್ನು ಬರೆಯುವ ಜಾಗವಿಲ್ಲ, ಬ್ರೆಂಡನ್ನನನ್ನು ಕೇಳಿದ್ದಕ್ಕೆ ಅಷ್ಟನ್ನು ಆ ಮನೆ ತಡೆದುಕೊಳ್ಳುತ್ತದೆ ಎಂದನಂತೆ. ನಿತ್ಯಾ ಮೊದಲು ಒಪ್ಪಲಿಲ್ಲವಂತೆ. ಆಮೇಲೆ ಅಮ್ಮ ಮಗಳು ರಾಜಿಯಾಗಿದ್ದಾರೆ. ಬಾಗಿಲು ಇಪ್ಪತ್ತು ಎಣಿಸುವವರೆಗೆ ಮಾತ್ರ, ಎಣಿಸುವವಳು ನಿತ್ಯಾ.

"ಕೇಳುಸ್ಕ ಅಣ್ಣ" ಎಂದು ಶಾರದ ಫೋನನ್ನು ಬಾಗಿಲ ಕಡೆ ಹಿಡಿದಳು. ಬಾಗಿಲು ತೆರೆದ ಸದ್ದು, ಹೊರಗಿನ ಗಾಳಿಯ ಸದ್ದು ಕೇಳಿಸಿತು. ಅವ್ವನ ದೀಪ ಅಲ್ಲಿ ಬಾಗಿ ಎದ್ದಿರಬೇಕು. ನಿತ್ಯಾ ಕನ್ನಡದಲ್ಲಿ ಎಣಿಸಲು ಶುರುಮಾಡಿದಳು. ಎಂಟು ಬಂದಾಗ, ಈಗ ಕೆಮ್ಮು ಬರುತ್ತದೆ ಎಂದು ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಎಂಟು ದಾಟಿತು, ಒಂಬತ್ತು ದಾಟಿತು. ಆ ಚಳಿಗಾಳಿಯಲ್ಲಿ ನಿಂತು, ನಡುವೆ ಒಮ್ಮೆಯೂ ನಿಲ್ಲಿಸದೆ, ಅವಳು ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು ಎಂದಳು. ಆಮೇಲೆ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು.